ಜನರೇಟರ್ ಹಾಕುವ ಮುನ್ನ

ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ವಿದ್ಯುತ್ ಕಂಪನಿ ಸೆಸ್ಕ್ ಸುಮಾರು 21 ಸಾವಿರ ಗ್ರಾಹಕರ ನಡುವೆ ಸ್ಮಾರ್ಟ್ ಗ್ರಿಡ್ ಪ್ರಯೋಗ ಮಾಡಿದ್ದು ಹಳೇ ಮಾತು. ಈಗ ಸಕಲೇಶಪುರ, ಆಲೂರಿನ ತೋಟದ ಮನೆಗಳಲ್ಲೂ ಸ್ಮಾರ್ಟ್ ಮೀಟರಿನ ಮಾತು ಕೇಳುತ್ತದೆ. ಜೊತೆಗೇ ಒಂದು ತಪ್ಪು ನಂಬಿಕೆ: ಮೀಟರ್ ಜಾಣ ಆದರೆ ನಾವು ಮೈಮರೆಯಬಹುದು ಅಂತ. ಹಾಗಲ್ಲ ಕಣ್ರೀ. ಆಷಾಢದ ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ, ಸುದ್ದಿ ಮುಟ್ಟಿಸಲು ಆ ಮೀಟರಿಗೂ ಸಿಗ್ನಲ್ ಬೇಕು. ನಮ್ಮಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು! ವಿದ್ಯುತ್ ಸಹಾಯವಾಣಿ 1912ಕ್ಕೆ ನೀವೇ ಫೋನ್ ಮಾಡಿ. ಬಿದ್ದ ತಂತಿಯ ಹತ್ತಿರ ದನವನ್ನೂ ಬಿಡಬೇಡಿ.

ನನಗೆ ಹೆಚ್ಚು ದಿಗಿಲು ಜನರೇಟರಿನದು. ಕರೆಂಟ್ ಹೋದ ತಕ್ಷಣ ಅದರ ವೈರನ್ನು ಮನೆಯ ಪ್ಲಗ್ಗಿಗೇ ಸಿಕ್ಕಿಸುವವರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತಿರೋ, ಆ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11 ಸಾವಿರ ವೋಲ್ಟ್‌ಗೆ ಏರಬಲ್ಲದು. ಕಂಬದ ಮೇಲಿರುವ ಲೈನ್‌ಮನ್‌ಗೆ ಅದು ಗೊತ್ತಾಗುವುದು ಹೇಗೆ? ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇಲ್ಲದಾಗ ತಾನೇ ನಿಲ್ಲುತ್ತದೆ. ಜನರೇಟರಿಗೆ ಆ ಬುದ್ಧಿ ಇಲ್ಲ. ಒಂದು ಸಲಕ್ಕೆ ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ. ಖರ್ಚು ಅಂತ ಮುಂದೂಡಬೇಡಿ, ಮಳೆ ಹಿಡಿಯುವ ಮೊದಲೇ ಮುಗಿಸಿ.