ಎಂಜಿನಿನ ಸಪ್ಪಳವೂ ವೇಗದ ಮೇರೆಯೂ



ನಮ್ಮ ವಾಚನಾಲಯಕ್ಕೆ ದಿನವೂ ಬರುವ ತರುಣನೊಬ್ಬನು ಒಂದು ಸಂಜೆ ತನ್ನ ಹಳೆಯ ರಾಜದೂತ್ 350 ಮೋಟಾರುಸೈಕಲನ್ನು ಬಾಗಿಲಲ್ಲಿ ನಿಲ್ಲಿಸಿ, "ಅಣ್ಣಾ, ಏನೋ ಚಿಟಿಚಿಟಿ ಅಂತದ, ಒಂದೀಟು ಕೇಳ್ರಿ" ಎಂದನು. ನಾವು ಪತ್ರಿಕೆಗಳನ್ನು ಜೋಡಿಸುತ್ತಿದ್ದೆವು. "ಹಳೇ ಗಾಡಿ, ಇದ್ದದ್ದೇ ಹೋಗಪ್ಪ" ಎಂದುಬಿಟ್ಟೆವು. ಎಂಟು ದಿನಗಳ ಮೇಲೆ ರಸ್ತೆಯಲ್ಲಿ ಎಂಜಿನು ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತಿತು. ಹುಡುಗನ ಮಣಿಕಟ್ಟು ಮುರಿಯಿತು. ಹಿಂದೆ ವಾಹನವೊಂದು ಬರುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ಮನಸ್ಸಾಗದು. ಅಂದು ಹೇಳದೆ ಬಿಟ್ಟ ಪಾಠವನ್ನು ಇಂದು ಬರೆಯುತ್ತಿದ್ದೇವೆ.

1. ಎಂಜಿನಿನ ಪರಿಚಯ

ಜಪಾನಿನ ಯಮಾಹ ಕಂಪನಿಯ ಆರ್.ಡಿ. 350 ಗಾಡಿಯನ್ನು ನಮ್ಮ ದೇಶದಲ್ಲಿ ಎಸ್ಕಾರ್ಟ್ಸ್ ಕಂಪನಿಯವರು 1983ರಿಂದ ಆ ದಶಕದ ಕೊನೆಯವರೆಗೆ ರಾಜದೂತ್ ಹೆಸರಿನಲ್ಲಿ ತಯಾರಿಸಿದರು. ಎರಡು ಸಿಲಿಂಡರುಗಳು ಅಕ್ಕಪಕ್ಕ. ಒಂದೊಂದರ ವ್ಯಾಸ 64 ಮಿಲಿಮೀಟರು, ಪಿಸ್ಟನ್ನಿನ ಓಟ 54 ಮಿಲಿಮೀಟರು. ಇದು ಟೂ-ಸ್ಟ್ರೋಕ್ ಎಂಜಿನು. ಟ್ಯಾಪೆಟ್ಟುಗಳಿಲ್ಲ, ಆದ್ದರಿಂದ "ಟ್ಯಾಪೆಟ್ ಸಪ್ಪಳ" ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

2. ಕೇಳುವ ಕ್ರಮ

ಗಿರಣಿಯ ಫಿಟ್ಟರನು ಬೇರಿಂಗನ್ನು ಪರೀಕ್ಷಿಸುವುದನ್ನು ನಾವು ನಿತ್ಯ ನೋಡುತ್ತೇವೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸುತ್ತಾನೆ. ಇಲ್ಲಿಯೂ ಅದೇ ಉಪಾಯ. ತಿರುಗುವ ಭಾಗಗಳಿಂದ ದೂರವಿದ್ದು, ಮೊದಲು ಎಂಜಿನು ತಣ್ಣಗಿದ್ದಾಗ, ಆಮೇಲೆ ಬಿಸಿಯಾದಾಗ, ಎಡ-ಬಲ ಸಿಲಿಂಡರುಗಳೆರಡನ್ನೂ ಹೋಲಿಸಿ ಕೇಳಬೇಕು.

3. ಸಪ್ಪಳಗಳ ಅರ್ಥ

(ಅ) ತಣ್ಣಗಿದ್ದಾಗ ಟಕಟಕ ಎಂದು, ಬಿಸಿಯಾದೊಡನೆ ಕುಗ್ಗಿದರೆ ಅದು ಪಿಸ್ಟನ್ನು ಗೋಡೆಗೆ ಬಡಿಯುವ ಸದ್ದು, ಅಲ್ಪವಾಗಿದ್ದರೆ ಭಯವಿಲ್ಲ. ಬಿಸಿಯಾದ ಮೇಲೂ ಉಳಿದರೆ ಸಿಲಿಂಡರು ಸವೆದಿದೆ. ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕಿಸಬೇಕು.

(ಆ) ನಿಂತಲ್ಲಿ ಕಟಕಟ ಎಂದು, ಕ್ಲಚ್ಚು ಹಿಡಿದೊಡನೆ ನಿಂತರೆ ದೋಷ ಕ್ಲಚ್ಚಿನ ಕಡೆಗಿದೆ, ಪಿಸ್ಟನ್ನಿನದಲ್ಲ.

(ಇ) ಭಾರವಿಲ್ಲದೆ ಓಡುವಾಗ ಮೇಲುಭಾಗದಲ್ಲಿ ತೆಳುವಾದ ಚಿಟಿಚಿಟಿ ಕೇಳಿದರೆ ಪಿಸ್ಟನ್ ಪಿನ್ನಿನ ಸೂಜಿ ಬೇರಿಂಗು ಸವೆದಿರಬಹುದು. ನಮ್ಮ ಹುಡುಗನ ಗಾಡಿಯಲ್ಲಿ ಇದೇ ಬೇರಿಂಗು ಒಡೆದು, ಚೂರು ಪಿಸ್ಟನ್ನಿಗೆ ಸಿಕ್ಕಿತ್ತು.

(ಈ) ಆಕ್ಸಿಲರೇಟರು ಕೊಟ್ಟಾಗ ಕೆಳಗಿನಿಂದ ಠಣ್ ಠಣ್ ಎಂಬ ಭಾರವಾದ ಪೆಟ್ಟು ಬಂದರೆ ಅದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯದು. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ತಳ್ಳಿಕೊಂಡು ಹೋಗಿರಿ.

(ಉ) ಸುತ್ತು ಏರಿದಂತೆ ಏರುವ ಗುರುಗುರು ಕ್ರ್ಯಾಂಕಿನ ಮುಖ್ಯ ಬೇರಿಂಗುಗಳದು.

(ಊ) ಏರಿನಲ್ಲಿ, ಪೂರ್ಣ ಆಕ್ಸಿಲರೇಟರಿನಲ್ಲಿ, ಕಾಳು ಹುರಿದಂತೆ ಚಟಪಟ ಎಂದರೆ ಪೆಟ್ರೋಲು ತಪ್ಪಾಗಿ ಸಿಡಿಯುತ್ತಿದೆ. ಕಿಡಿ ಬೇಗ ಹೊತ್ತುತ್ತಿರಬಹುದು, ಇಲ್ಲವೇ ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾಗಿರಬಹುದು. ಪಾಯಿಂಟುಗಳು ಸಿಲಿಂಡರಿಗೆ ಒಂದರಂತೆ ಬೇರೆಬೇರೆಯಾಗಿರುವುದರಿಂದ ಒಂದು ಸರಿಯಾಗಿದ್ದು ಇನ್ನೊಂದು ತಪ್ಪಿರಬಹುದು. ಹಾಗೆಯೇ ಓಡಿಸಿದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ.

(ಋ) ಆಕ್ಸಿಲರೇಟರು ಬಿಟ್ಟರೂ ಸುತ್ತು ಕೂಡಲೇ ಇಳಿಯದಿದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ. ಕ್ರ್ಯಾಂಕಿನ ಎಡ ತುದಿಯ ಸೀಲನ್ನು ನೋಡಿಸಿರಿ. ಬಲ ತುದಿಯ ಸೀಲು ಕೆಟ್ಟರೆ ಗೇರಿನ ಎಣ್ಣೆ ಒಳಗೆ ಸೇರಿ ಬಿಳಿಯ ಹೊಗೆ ಬರುತ್ತದೆ.

4. ಮೇರೆ ಎಲ್ಲಿದೆ?

ಪಿಸ್ಟನ್ನು ಒಂದು ಸುತ್ತಿಗೆ ಎರಡು ಸಲ ಓಡುತ್ತದೆ. ಓಟವನ್ನು ಮೀಟರಿನಲ್ಲಿ ಬರೆದು, ಎರಡರಿಂದಲೂ ನಿಮಿಷದ ಸುತ್ತುಗಳಿಂದಲೂ ಗುಣಿಸಿ, 60ರಿಂದ ಭಾಗಿಸಿದರೆ ಸೆಕೆಂಡಿಗೆ ಪಿಸ್ಟನ್ನಿನ ಸರಾಸರಿ ವೇಗ ಬರುತ್ತದೆ. ರಾಜದೂತ್ 350ರ ಮೊದಲ ಮಾದರಿಯು ಹೆಚ್ಚಿನ ಶಕ್ತಿ ಕೊಡುತ್ತಿದ್ದುದು ನಿಮಿಷಕ್ಕೆ 6,750 ಸುತ್ತಿನಲ್ಲಿ. ಲೆಕ್ಕ ಮಾಡಿದರೆ 12.15 ಮೀಟರು. 1996ರಲ್ಲಿ ಬಾಗಿಲು ಮುಚ್ಚಿದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಎಂಜಿನಿನ ಓಟ 75 ಮಿಲಿಮೀಟರು. ಅದು 4,860 ಸುತ್ತಿಗೇ ಇಷ್ಟು ವೇಗ ಮುಟ್ಟುತ್ತದೆ. ಆದುದರಿಂದ ಒಂದು ಗಾಡಿಯ ಮೇರೆಯನ್ನು ಇನ್ನೊಂದಕ್ಕೆ ಹಚ್ಚಲಾಗದು.

ಇನ್ನೊಂದು ಮಾತು ಮುಖ್ಯ. ಪಿಸ್ಟನ್ನು ರಾಡನ್ನು ಸೆಳೆಯುವ ಬಲವು ಸುತ್ತಿನ ವರ್ಗದಂತೆ ಬೆಳೆಯುತ್ತದೆ. 6,750ರಲ್ಲಿ ಪ್ರತಿ 100 ಗ್ರಾಂ ತೂಕವು ಓಟದ ಮೇಲ್ತುದಿಯಲ್ಲಿ 137 ಕಿಲೋಗಿಂತ ಹೆಚ್ಚಾಗಿ ಎಳೆಯುತ್ತದೆ. 8,000ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ 18ರಷ್ಟು. ಎಳೆತ ಹೆಚ್ಚುವುದು ನೂರಕ್ಕೆ 40ರಷ್ಟು. ಶಕ್ತಿಯೋ, ಆಗಲೇ ಇಳಿಯಹತ್ತಿರುತ್ತದೆ. ಲಾಭವಿಲ್ಲದ ವ್ಯಾಪಾರಕ್ಕೆ ಬಂಡವಾಳ ಏಕೆ?

ಕಾರ್ಖಾನೆ ಹೇಳಿದ ಅಂಕಿ ಹೊಸ ಎಂಜಿನಿಗೆ. ಹಳೆಯ ಎಂಜಿನಿನ ಮೇರೆಯನ್ನು ಅದರ ಸಪ್ಪಳವೇ ಹೇಳುತ್ತದೆ. ಅರ್ಥ ತಿಳಿಯದ ಸಪ್ಪಳವಿರುವ ತನಕ ಮೇರೆ ಸೊನ್ನೆಯೆಂದೇ ತಿಳಿಯಿರಿ. ದುರಸ್ತಿಯಾದ ಮೇಲೂ 6,750ನ್ನು ದಾಟಬೇಡಿರಿ. ಎಂಜಿನು ಬಿಸಿಯಾಗುವ ತನಕ ಅದರ ಅರ್ಧವನ್ನೂ ದಾಟಬೇಡಿರಿ. ಖಂಡಾಳಾ ಘಾಟಿನಂಥ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಎಂಜಿನನ್ನು ಬಹಳ ಹೊತ್ತು ವೇಗವಾಗಿ ತಿರುಗಿಸಬಾರದು. ಎಣ್ಣೆಯ ಪಂಪು ಆಕ್ಸಿಲರೇಟರಿನ ಮಾತನ್ನೂ ಕೇಳುವುದರಿಂದ ಆಗ ಎಣ್ಣೆ ಕಡಮೆ ಬೀಳುತ್ತದೆ. ನಡುನಡುವೆ ಸ್ವಲ್ಪ ಕೊಡುತ್ತಿರಬೇಕು. ಎಂಜಿನು ಹಿಡಿದಂತೆ ಅನಿಸಿದ ಕ್ಷಣವೇ ಕ್ಲಚ್ಚು ಹಿಡಿಯಿರಿ, ಚಕ್ರ ಬಿಡುಗಡೆಯಾಗುತ್ತದೆ.

ಅಭ್ಯಾಸ: 75 ಮಿಲಿಮೀಟರ್ ಓಟದ ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಪಿಸ್ಟನ್ನಿನ ಸರಾಸರಿ ವೇಗವೆಷ್ಟು? (ಉತ್ತರ: ಸೆಕೆಂಡಿಗೆ 10 ಮೀಟರು.)

ಹುಡುಗನ ಕೈ ಕೂಡಿಕೊಂಡಿದೆ. ಮತ್ತೆ ವಾಚನಾಲಯಕ್ಕೆ ಬರುತ್ತಿದ್ದಾನೆ. ಈಗ ಯಾರಾದರೂ "ಒಂದೀಟು ಕೇಳ್ರಿ" ಎಂದರೆ ನಾವು ಪತ್ರಿಕೆಗಳನ್ನು ಕೆಳಗಿಟ್ಟು ಹೊರಗೆ ಹೋಗುತ್ತೇವೆ.