ರಬ್ಬರ್ ಮೀನು ಬಂದು ಮುಟ್ಟಿತು

ಮುರುಮ
ಸೀಗಿ ಹುಣ್ಣಿಮೆ

ಪ್ರೀತಿಯ ತಮ್ಮಾ,

ನೀನು ಟೆಕ್ಸಾಸಿನಿಂದ ಕಳಿಸಿದ ಸ್ವಿಮ್‌ಬೈಟ್ ಎಂಬ ರಬ್ಬರ್ ಮೀನುಗಳ ಪೊಟ್ಟಣ ಮುಟ್ಟಿತು. ಬೋಗುಣಿಯ ನೀರಿನಲ್ಲಿ ಒಂದನ್ನು ಎಳೆದು ನೋಡಿದೆ. ಬಾಲ ಜೀವ ಬಂದ ಹಾಗೆ ಅಲ್ಲಾಡಿತು. ನಿಮ್ಮ ಆಯಿ ಅಡುಗೆ ಬಿಟ್ಟು ಬಂದು ಬಗ್ಗಿ ನೋಡಿದಳು.

ಯಾವ ತಿಂಗಳಿಗೆ ಯಾವ ಬಣ್ಣದ್ದು ಕಟ್ಟಬೇಕು ಎಂದು ಕೇಳಿದ್ದೀ. ನಿನ್ನ ಬಾಸ್ ಮೀನನ್ನು ನಾನು ಮುಟ್ಟಿಲ್ಲ. ಆದರೆ ನೀನು ಬರೆದ ಅದರ ಸ್ವಭಾವವೆಲ್ಲ ನಮ್ಮ ಮರಳ ಮೀನಿನದೇ. ಜೊಂಡಿನಲ್ಲಿ ಹೊಂಚು ಹಾಕಿ ಕೂತು, ಸಣ್ಣ ಮೀನು ಹತ್ತಿರ ಬಂದೊಡನೆ ಒಂದೇ ಏಟಿಗೆ ನುಂಗುವ ಜಾತಿ. ಮರಾಠಿಯವರು ಮರಳ ಅನ್ನುವುದನ್ನೇ ಕನ್ನಡದ ಕೆಳಸೀಮೆಯಲ್ಲಿ ಕೊರವ ಅನ್ನುತ್ತಾರೆ. ನಮ್ಮೂರ ಹೊಳೆಯ ಹೆಸರನ್ನು ಬೋರ್ಡಿನ ಮೇಲೆ ಬೇಣಿತುರಾ ಎಂದು ಬರೆದರೂ ನಮಗೆ ಬೆಣ್ಣೆತೊರೆಯೇ ಆದ ಹಾಗೆ.

ಬಣ್ಣ ಆಮೇಲೆ. ಮೊದಲು ಮೀನಿನ ಹಸಿವು ತಿಳಿ. ಇದು ನಮ್ಮ ಸೀಮೆಯ ಹಳೆಯ ವಿದ್ಯೆ. ಇಲ್ಲಿಂದ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ತಿನಿಸು, ಗಾಳ ಹೇಗೆ ಹಾಕಬೇಕು ಎಂದು ರಾಜನೊಬ್ಬ ಕೂತು ಬರೆದ. ಅದನ್ನು ನೆನೆದಾಗೆಲ್ಲ ನನಗೆ ಎದೆ ತುಂಬುತ್ತದೆ.

ಚಳಿಯಲ್ಲಿ ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ, ತಿಂದದ್ದು ಬೇಗ ಕರಗುವುದಿಲ್ಲ. ಓಡುವ ಬೇಟೆಯ ಹಿಂದೆ ಅದು ಬೀಳದು. ಆಗ ನಿನ್ನ ರಬ್ಬರ್ ಮೀನನ್ನು ತಳಕ್ಕೆ ಬಿಟ್ಟು, ಬಾಲ ಅಲ್ಲಾಡುವಷ್ಟೇ ನಿಧಾನಕ್ಕೆ ಎಳೆ. ನಮ್ಮಲ್ಲೂ ಪುಷ್ಯದ ಚಳಿಗೆ ಮಧ್ಯಾಹ್ನದ ಬಿಸಿಲೇರಿದ ಮೇಲೇ ಮರಳ ಬಾಯಿ ತೆರೆಯುವುದು. ಬೇಸಿಗೆಯಲ್ಲಿ ನಸುಕಿಗೇ ಹೋಗು. ನಿಮ್ಮಲ್ಲಿ ಎಲೆ ಉದುರುವ ಕಾಲಕ್ಕೆ ಬಾಸ್ ಸಣ್ಣ ಶ್ಯಾಡ್ ಮೀನಿನ ಹಿಂಡನ್ನು ಅಟ್ಟುತ್ತದಲ್ಲ, ಆಗ ಬೆಳ್ಳಿ ಬಣ್ಣದ್ದು ಕಟ್ಟು, ಜೋರಾಗಿ ಎಳೆ.

ವಸಂತದ ಮಾತು ಬೇರೆ. ನೀರು ಬೆಚ್ಚಗಾದಾಗ ಬಾಸ್ ದಂಡೆಗೆ ಬಂದು ಮೊಟ್ಟೆ ಇಡುತ್ತದೆ, ಗಂಡು ಕಾವಲು ನಿಲ್ಲುತ್ತದೆ. ಅದರೆದುರು ಏನೇ ಎಳೆದರೂ ಕಚ್ಚುತ್ತದೆ. ಹಸಿವಿನಿಂದಲ್ಲ, ಮೊಟ್ಟೆಗೆ ಕೇಡು ಬಂತೆಂದು. ಹದಿನಾಲ್ಕು ಇಂಚಿಗಿಂತ ಸಣ್ಣದನ್ನು ಬಿಡಬೇಕೆಂಬ ಕಾಯ್ದೆ ನಿಮ್ಮಲ್ಲಿದೆ ಎಂದು ಬರೆದಿದ್ದೀ. ಒಳ್ಳೆಯದೇ. ಆದರೆ ಆ ಅಳತೆಪಟ್ಟಿಗೆ ಮರಿ ಕಾಯುವ ತಂದೆಯ ಗುರುತು ಹತ್ತುವುದಿಲ್ಲ, ತಮ್ಮಾ.

ನನಗೂ ಒಮ್ಮೆ ಹತ್ತಲಿಲ್ಲ. ಆಗ ನನಗೆ ಹದಿನಾರು. ಆರ್ದ್ರಾ ಮಳೆ ಬಿದ್ದು ತೊರೆ ತುಂಬಿತ್ತು. ಮಡುವಿನ ನೀರಿನ ಮೇಲೆ ಕೆಂಪು ಕುಂಕುಮ ಚೆಲ್ಲಿದ ಹಾಗೆ ಮರಳದ ಮರಿಗಳ ಗುಂಪು. ಅದರ ನಡುವೆ ಕಪ್ಪೆ ಸಿಕ್ಕಿಸಿದ ಗಾಳ ಹಾಕಿದೆ. ಕೆಳಗಿದ್ದ ದೊಡ್ಡ ಮರಳ ಅದರ ಮೇಲೆ ಎರಗಿತು. ಹೆಮ್ಮೆಯಿಂದ ಮನೆಗೆ ತಂದೆ. ಅಪ್ಪ ಬೈಯಲಿಲ್ಲ, ಆ ಸಾರು ಮಾತ್ರ ಮುಟ್ಟಲಿಲ್ಲ. ಮರುದಿನ ನನ್ನನ್ನು ಅದೇ ಮಡುವಿಗೆ ಕರೆದೊಯ್ದ. ಕೆಂಪು ಚದುರಿ ಹೋಗಿತ್ತು. ಬೇರೆ ಮೀನುಗಳು ಒಂದೊಂದೇ ಮರಿಯನ್ನು ಎಳೆದು ತಿನ್ನುತ್ತಿದ್ದವು. ನಾವಿಬ್ಬರೂ ಕತ್ತಲಾಗುವತನಕ ಅಲ್ಲೇ ಕೂತೆವು.

ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ 2016ರ ಬರದಲ್ಲಿ ನಮ್ಮ ಮಡುವೂ ಬತ್ತಿತು. ಮರಳ ಅಂದರೆ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ಕೆಸರು ಹಸಿಯಿರುವತನಕ ಸಾಯುವುದಿಲ್ಲ. ಗುದ್ದಲಿ ತಗೊಂಡು ಕೆಸರು ಕೆದಕುವವರ ನಡುವೆ ನಾನೂ ನಿಂತಿದ್ದೆ, ಕೆದಕಲು ಕೈ ಬರಲಿಲ್ಲ. ಮರು ಮಳೆಗಾಲದಲ್ಲಿ ಜೊಂಡಿನ ಹತ್ತಿರ ಕೆಂಪು ಗುಂಪು ಕಂಡಾಗ ನಿನ್ನ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ.

ಈಗ ಮರಿಗಳು ಬೆಳೆದು ತಮ್ಮ ದಾರಿ ಹಿಡಿದಿವೆ, ನೀರೂ ತಿಳಿಯಾಗಿದೆ. ನಾಳೆ ನಸುಕಿಗೆ ನಿನ್ನ ಬೆಳ್ಳಿ ಬಣ್ಣದ್ದನ್ನು ಕಟ್ಟಿಕೊಂಡು ಹೋಗುತ್ತೇನೆ. ಏನು ಬಿತ್ತೆಂದು ಬರೆಯುತ್ತೇನೆ. ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ
ಮುತ್ಯಾ