ಮನಸ್ಸಿನ ಚಿಕಿತ್ಸೆ ಕಲಿಸುವವರು ಎಲ್ಲಿ ಕಲಿತವರು?

ಕಳೆದ ಆಟಿ ತಿಂಗಳಲ್ಲಿ ಒಂದೇ ವಾರದೊಳಗೆ ಇಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಮೊದಲನೆಯವರು ಸುಳ್ಯ ಕಡೆಯ ಕೃಷಿಕರು. ಜತೆಯಲ್ಲಿ ಮಗಳು. "ಡಾಕ್ಟ್ರೇ, ಇವಳು ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡಿದ್ದಾಳೆ. ಈಗ ಮೊಬೈಲಿನಲ್ಲೇ ಎರಡು ದಿವಸದ ಮೈಂಡ್‌ಫುಲ್‌ನೆಸ್ ಕೋರ್ಸು ಮುಗಿಸಿ ಸರ್ಟಿಫಿಕೇಟು ಸಿಕ್ಕಿದೆ. ಪೇಟೆಯಲ್ಲಿ ಒಂದು ರೂಮು ಹಿಡಿದು ಕ್ಲಾಸು ಶುರು ಮಾಡಬಹುದಾ?" ಎಂದು ಕೇಳಿದರು.

ಎರಡನೆಯವರು ಕಡಬ ಕಡೆಯ ಗೃಹಿಣಿ. ಹಿಂದೆ ಎರಡು ಬಾರಿ ಖಿನ್ನತೆ ಬಂದು, ಮನೋವೈದ್ಯರ ಮಾತ್ರೆಯಿಂದ ಚೇತರಿಸಿಕೊಂಡಿದ್ದರು. ಒಂದು ಶಿಬಿರದಲ್ಲಿ "ಇನ್ನು ಮಾತ್ರೆ ಬೇಡ, ಉಸಿರು ಗಮನಿಸುತ್ತಿದ್ದರೆ ಸಾಕು" ಎಂದು ಹೇಳಿದ್ದನ್ನು ನಂಬಿ ಮಾತ್ರೆ ಬಿಟ್ಟರು. ಆರು ವಾರ ಕಳೆಯುವಾಗ ನಿದ್ದೆ ಹೋಯಿತು, ಊಟ ಸೇರದಾಯಿತು. ನನ್ನಲ್ಲಿಗೆ ಬಂದಾಗ "ಇನ್ನು ಬದುಕಿ ಏನು ಪ್ರಯೋಜನ" ಎಂಬ ಮಾತು ಅವರ ಬಾಯಲ್ಲಿತ್ತು. ಅದೇ ದಿನ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಈಗ ಸುಧಾರಿಸಿಕೊಂಡಿದ್ದಾರೆ.

ಒಬ್ಬಳು ಕಲಿಸಲು ಹೊರಟವಳು, ಇನ್ನೊಬ್ಬರು ಕಲಿಯಲು ಹೋಗಿ ಕಷ್ಟಕ್ಕೆ ಸಿಲುಕಿದವರು. ಎರಡೂ ಕಡೆ ಪ್ರಶ್ನೆ ಒಂದೇ: ಈ ಚಿಕಿತ್ಸೆಯನ್ನು ಕಲಿಸಲು ಯಾರು ಅರ್ಹರು?

ಏನಿದು?

ಮದುವೆಯ ಮುಹೂರ್ತದಲ್ಲಿ ಪುರೋಹಿತರು "ಸಾವಧಾನ" ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಗಮನ ಇಲ್ಲಿರಲಿ ಎಂದು ಅದರ ಅರ್ಥ. ಮೈಂಡ್‌ಫುಲ್‌ನೆಸ್ ಎಂಬುದಕ್ಕೂ ಇದೇ ಮಾತು ಹೊಂದುತ್ತದೆ. ಈ ಕ್ಷಣದಲ್ಲಿ ದೇಹದಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಸರಿ-ತಪ್ಪು ಎಂದು ತೀರ್ಪು ಕೊಡದೆ ಗಮನಿಸುವುದೇ ಸಾವಧಾನತೆ.

ಇದರ ಬೇರು ನಮ್ಮ ದೇಶದ ಬೌದ್ಧ ಧ್ಯಾನ ಪದ್ಧತಿಯಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಅವರು 1979ರಲ್ಲಿ ಇದನ್ನು ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವ ರೋಗಿಗಳಿಗಾಗಿ 8 ವಾರಗಳ ತರಗತಿಯಾಗಿ ರೂಪಿಸಿದರು. ಆನಂತರ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು, ಖಿನ್ನತೆ ಮತ್ತೆ ಮತ್ತೆ ಮರುಕಳಿಸುವವರಿಗಾಗಿ ಇದಕ್ಕೆ ಆಲೋಚನಾ ಚಿಕಿತ್ಸೆಯನ್ನು ಸೇರಿಸಿದರು. ಇದನ್ನು ಎಂ.ಬಿ.ಸಿ.ಟಿ. ಎಂದು ಕರೆಯುತ್ತಾರೆ. ವಾರಕ್ಕೊಮ್ಮೆ ಸುಮಾರು ಎರಡು ಗಂಟೆಯ ತರಗತಿ, ಉಳಿದ ದಿನಗಳಲ್ಲಿ ಮನೆಯಲ್ಲಿ ನಿತ್ಯ ಅಭ್ಯಾಸ ಇದರ ಕ್ರಮ.

ಒಂದು ಉದಾಹರಣೆ ನೋಡೋಣ. ಆಟಿಯ ಮಳೆಯಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡಲಾಗದೆ ಕೊಳೆರೋಗ ಬಂತು ಎಂದಿಟ್ಟುಕೊಳ್ಳಿ. ಯಾರಿಗೂ ಬೇಸರವಾಗುತ್ತದೆ. ಆದರೆ ಹಿಂದೆ ಖಿನ್ನತೆ ಆಗಿದ್ದವರಲ್ಲಿ ಆ ಬೇಸರ ಅಲ್ಲಿಗೇ ನಿಲ್ಲುವುದಿಲ್ಲ. "ಕೊಳೆ ಬಂತು, ಈ ವರ್ಷ ಸಾಲ ತೀರದು, ನನ್ನಿಂದ ಯಾವುದೂ ಆಗದು, ನಾನಿದ್ದು ಏನು ಪ್ರಯೋಜನ" ಎಂದು ಒಂದಕ್ಕೊಂದು ಕೊಂಡಿ ಸೇರುತ್ತಾ ಹೋಗುತ್ತದೆ. ಇದು ಕೇವಲ ಮನಸ್ಸಿನಲ್ಲಿ ಬಂದುಹೋಗುವ ಯೋಚನೆ, ನಡೆದ ಸತ್ಯವಲ್ಲ ಎಂದು ಮೊದಲನೆಯ ಅಥವಾ ಎರಡನೆಯ ಕೊಂಡಿಯಲ್ಲೇ ಗುರುತಿಸಿ, ಗಮನವನ್ನು ಉಸಿರಿಗೂ ದೇಹಕ್ಕೂ ತರುವ ಅಭ್ಯಾಸವೇ ಈ ಚಿಕಿತ್ಸೆಯ ತಿರುಳು.

ಫಲ ಎಷ್ಟು?

2000ದಲ್ಲಿ ಪ್ರಕಟವಾದ ಮೊದಲ ದೊಡ್ಡ ಅಧ್ಯಯನದಲ್ಲಿ 145 ಮಂದಿ ಇದ್ದರು. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆ ಅನುಭವಿಸಿದ್ದವರಲ್ಲಿ, ಸಾಮಾನ್ಯ ಆರೈಕೆ ಪಡೆದವರ ಪೈಕಿ ಶೇ. 66 ಮಂದಿಗೆ ಅದು ಮರುಕಳಿಸಿತು. ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ. 37. ಆದರೆ ಎರಡೇ ಬಾರಿ ಖಿನ್ನತೆ ಆಗಿದ್ದವರಲ್ಲಿ ಇಂತಹ ಲಾಭ ಕಾಣಲಿಲ್ಲ. 2004ರಿಂದ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಇದಕ್ಕೆ ಸ್ಥಾನ ದೊರೆಯಿತು.

2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ 424 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ಶೇ. 44 ಮಂದಿಗೂ, ಮಾತ್ರೆ ಮುಂದುವರಿಸಿದವರ ಪೈಕಿ ಶೇ. 47 ಮಂದಿಗೂ ಖಿನ್ನತೆ ಮರುಕಳಿಸಿತು. ಅಂದರೆ ಎರಡೂ ಹೆಚ್ಚುಕಡಿಮೆ ಸಮಾನ. ಇಲ್ಲಿ ಗಮನಿಸಬೇಕಾದ ಸಂಗತಿ, ಆ ಅಧ್ಯಯನದಲ್ಲಿ ಮಾತ್ರೆಯನ್ನು ಇಳಿಸಿದ್ದು ವೈದ್ಯರ ನಿಗಾದಲ್ಲಿ, ಹಂತಹಂತವಾಗಿ. ಶಿಬಿರದ ಮಾತು ಕೇಳಿ ಒಮ್ಮೆಲೇ ನಿಲ್ಲಿಸಿದ್ದಲ್ಲ.

ಇದು ಎಲ್ಲರಿಗೂ ಎಲ್ಲ ಕಡೆಯೂ ಹಿಡಿಯುವ ಮದ್ದೂ ಅಲ್ಲ. ಬ್ರಿಟನ್ನಿನಲ್ಲಿ ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಿಂದ ಮಕ್ಕಳಿಗೆ ಸಾವಧಾನತೆ ಹೇಳಿಸಿದ ಒಂದು ಅಧ್ಯಯನ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡಿತ್ತು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲ. ನಮ್ಮ ಶಾಲೆಗಳಲ್ಲಿ ಒಂದು ದಿನದ ಕಾರ್ಯಕ್ರಮ ಏರ್ಪಡಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಲಿಸುವುದು ಏಕೆ ಕಷ್ಟ?

ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದು ಯಾರೂ ಹೇಳಬಹುದು. ಕಷ್ಟ ಇರುವುದು ಆಮೇಲೆ. ಪ್ರತಿ ಅಭ್ಯಾಸದ ಬಳಿಕ, ಏನು ಅನುಭವವಾಯಿತು ಎಂದು ಶಿಕ್ಷಕರು ಒಬ್ಬೊಬ್ಬರನ್ನೂ ವಿಚಾರಿಸುತ್ತಾರೆ. ಆಗ ಒಬ್ಬರು "ಕಣ್ಣು ಮುಚ್ಚಿದ ಕೂಡಲೇ ಎದೆ ಡವಡವ ಹೊಡೆದುಕೊಂಡಿತು, ತೀರಿಹೋದ ಮಗನೇ ಕಣ್ಣಮುಂದೆ ಬಂದ" ಎಂದು ಅಳತೊಡಗಿದರೆ?

ತರಬೇತಿ ಇಲ್ಲದವರು "ಅದಕ್ಕೆ ಗಮನ ಕೊಡಬೇಡಿ, ಅಭ್ಯಾಸ ಮಾಡಿದಂತೆ ಸರಿಯಾಗುತ್ತದೆ" ಎಂದುಬಿಡುತ್ತಾರೆ. ತರಬೇತಿ ಇದ್ದವರು ಕಣ್ಣು ತೆರೆಯಲು ಹೇಳುತ್ತಾರೆ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಲು ಹೇಳುತ್ತಾರೆ. ತರಗತಿ ಮುಗಿದ ಮೇಲೆ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ಈ ವ್ಯಕ್ತಿಗೆ ಈಗ ಈ ಅಭ್ಯಾಸ ಬೇಡ, ಮೊದಲು ಮನೋವೈದ್ಯರನ್ನು ಕಾಣಲಿ ಎಂದು ತೀರ್ಮಾನಿಸುವ ಶಕ್ತಿ ಅವರಿಗಿರುತ್ತದೆ. ಎದೆ ಬಡಿತಕ್ಕೆ ರಕ್ತಹೀನತೆ, ಥೈರಾಯ್ಡ್ ದೋಷ ಅಥವಾ ಹೃದಯದ ತೊಂದರೆಯೂ ಕಾರಣವಿರಬಹುದು ಎಂಬುದೂ ಅವರಿಗೆ ತಿಳಿದಿರಬೇಕು.

ಅಡಿಕೆ ಮರ ಏರಿ ಕೊನೆ ತೆಗೆಯುವವರನ್ನು ನೋಡಿ. ಕೆಳಗೆ ನಿಂತು ನೋಡುವಾಗ ಸುಲಭ. ಏರುವವನಿಗೆ ಯಾವ ಮರ ಜಾರುತ್ತದೆ, ಯಾವುದು ಬಾಗುತ್ತದೆ, ಎಲ್ಲಿಂದ ಪಕ್ಕದ ಮರಕ್ಕೆ ದಾಟಬಾರದು ಎಂಬುದು ಮೈಗೆ ಹತ್ತಿರುತ್ತದೆ. ಅವನು ಹಳಬರ ಕಣ್ಣೆದುರು ಏರಿ ಕಲಿತವನು. ಏರದವನು ಏರುವುದನ್ನು ಕಲಿಸಲಾರ.

ಶಿಕ್ಷಕರ ತರಬೇತಿ

ಈ ಕ್ರಮವನ್ನು ಹೆಚ್ಚು ವ್ಯವಸ್ಥಿತವಾಗಿ ಬೆಳೆಸಿದ್ದು ಬ್ರಿಟನ್ನಿನ ವಿಶ್ವವಿದ್ಯಾಲಯಗಳು. ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಇದಕ್ಕಾಗಿಯೇ ಕೇಂದ್ರ ಆರಂಭವಾಯಿತು. ಎಕ್ಸೆಟರ್ ಮತ್ತು ಆಕ್ಸ್‌ಫರ್ಡ್‌ಗಳಲ್ಲೂ ಸ್ನಾತಕೋತ್ತರ ಶಿಕ್ಷಣ ರೂಪುಗೊಂಡಿತು. ಆಕ್ಸ್‌ಫರ್ಡಿನ ಸ್ನಾತಕೋತ್ತರ ಪದವಿಯನ್ನು ಕೆಲಸದಲ್ಲಿರುವವರು ಎರಡು ವರ್ಷಗಳಲ್ಲಿ ಮಾಡುವಂತೆ ರೂಪಿಸಲಾಯಿತು.

ಅಲ್ಲಿನ ಕ್ರಮದಲ್ಲಿ ಶಿಕ್ಷಕನಾಗುವವನು ಮೊದಲು ತಾನೇ 8 ವಾರ ವಿದ್ಯಾರ್ಥಿಯಾಗಿ ಕೂರಬೇಕು. ನಿತ್ಯದ ಸ್ವಂತ ಅಭ್ಯಾಸ ಇರಬೇಕು. ಕೆಲವು ದಿನಗಳ ಮೌನ ಶಿಬಿರಗಳಲ್ಲಿ ಭಾಗವಹಿಸಬೇಕು. ಸುಮಾರು ಒಂದು ವರ್ಷದ ಮೂಲ ತರಬೇತಿಯ ಬಳಿಕ ಅನುಭವಿಗಳ ಮೇಲ್ವಿಚಾರಣೆಯಲ್ಲಿ ತರಗತಿ ನಡೆಸಬೇಕು. ಈ ಮೂರು ವಿಶ್ವವಿದ್ಯಾಲಯಗಳು ಸೇರಿ ಶಿಕ್ಷಕರನ್ನು ಅಳೆಯುವ ಒಂದು ಮಾನದಂಡವನ್ನೂ ಸಿದ್ಧಪಡಿಸಿವೆ. ಅದರಲ್ಲಿ 6 ಅಂಶಗಳಿವೆ:

1. ಪಾಠದ ಯೋಜನೆ ಮತ್ತು ಗತಿ
2. ಕಲಿಯುವವರೊಂದಿಗಿನ ಸಂಬಂಧ
3. ಸಾವಧಾನತೆ ಸ್ವತಃ ಶಿಕ್ಷಕರ ನಡೆಯಲ್ಲಿ ಕಾಣುವುದು
4. ಅಭ್ಯಾಸಗಳನ್ನು ಮಾಡಿಸುವ ರೀತಿ
5. ಅನುಭವ ವಿಚಾರಿಸುತ್ತಾ ಪಾಠ ತಿಳಿಸುವುದು
6. ಗುಂಪನ್ನು ನಿಭಾಯಿಸುವುದು

ಈ ಆರರಲ್ಲಿ ಎಷ್ಟನ್ನು ಎರಡು ದಿವಸದಲ್ಲಿ, ಮೊಬೈಲಿನಲ್ಲಿ ಕಲಿಯಬಹುದು ಎಂಬುದನ್ನು ಓದುಗರೇ ಯೋಚಿಸಬೇಕು.

ನಮ್ಮಲ್ಲಿ ದಾರಿ

ಇದಕ್ಕಾಗಿ ವಿದೇಶಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈ ಹೆಸರಿನಲ್ಲಿ ರೂಪುಗೊಂಡರೂ, ಅಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿ 1950ರ ದಶಕದಿಂದಲೇ ಇದೆ. ಅಲ್ಲಿನ ಮನೋವಿಜ್ಞಾನಿಗಳಾದ ಡಾ. ಮಹೇಂದ್ರ ಪಿ. ಶರ್ಮ, ಡಾ. ಪೌಲೋಮಿ ಸುಧೀರ್ ಮತ್ತಿತರರು ಉದ್ವೇಗ ರೋಗಿಗಳಲ್ಲಿ ಸಾವಧಾನತೆ ಆಧಾರಿತ ಚಿಕಿತ್ಸೆ ನಡೆಸಿದ ಅನುಭವವನ್ನು 2012ರಲ್ಲಿ ಪ್ರಕಟಿಸಿದ್ದಾರೆ.

ನಮ್ಮ ದೇಶದಲ್ಲಿ 'ಮೈಂಡ್‌ಫುಲ್‌ನೆಸ್ ಶಿಕ್ಷಕ' ಎಂಬ ಹೆಸರಿಗೆ ಪ್ರತ್ಯೇಕ ಸರಕಾರಿ ನೋಂದಣಿ ಇಲ್ಲ. ಆದ್ದರಿಂದ ಬೋರ್ಡು ಹಾಕಲು ಯಾರಿಗೂ ಅಡ್ಡಿಯಿಲ್ಲ. ಆದರೆ ಚಿಕಿತ್ಸಾ ಮನೋವಿಜ್ಞಾನಿ ಎಂದು ಕೆಲಸ ಮಾಡಲು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ಯಲ್ಲಿ ಹೆಸರು ನೋಂದಾಯಿಸಿರಬೇಕು. ಎಂ.ಎ. ಅಥವಾ ಎಂ.ಎಸ್ಸಿ. ಬಳಿಕ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ 2 ವರ್ಷದ ಎಂ.ಫಿಲ್. ಮುಗಿಸಿ ಬಂದವರೇ ಇವರಲ್ಲಿ ಹೆಚ್ಚಿನವರು. ಹೊಸ ಶಿಕ್ಷಣ ನೀತಿಯ ಬಳಿಕ ಪದವಿಗಳ ಹೆಸರುಗಳು ಬದಲಾಗುತ್ತಿವೆ. ಆದ್ದರಿಂದ ಸೇರುವ ಮೊದಲು ಆ ಕೋರ್ಸಿಗೆ ಆರ್.ಸಿ.ಐ. ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ರೋಗದ ತಿಳುವಳಿಕೆ ಅಡಿಪಾಯ. ಸಾವಧಾನತೆಯ ತರಬೇತಿ ಅದರ ಮೇಲೆ ಕಟ್ಟುವ ಗೋಡೆ.

ಕೇಳಬೇಕಾದ ಪ್ರಶ್ನೆಗಳು

ಮನೆಯವರನ್ನು ಇಂತಹ ಚಿಕಿತ್ಸೆಗೆ ಕಳುಹಿಸುವ ಮೊದಲು ಸಂಕೋಚವಿಲ್ಲದೆ ಹೀಗೆ ಕೇಳಿ:

1. ನೀವು ಮನೋವೈದ್ಯರೇ, ನೋಂದಾಯಿತ ಮನೋವಿಜ್ಞಾನಿಯೇ? ಅಲ್ಲವಾದರೆ ಯಾವ ಮನೋವೈದ್ಯರ ಸಂಪರ್ಕದಲ್ಲಿ ಕೆಲಸ ಮಾಡುತ್ತೀರಿ?
2. ಸಾವಧಾನತೆಯನ್ನು ಎಲ್ಲಿ, ಎಷ್ಟು ಕಾಲ ಕಲಿತಿರಿ? ನೀವೇ ನಿತ್ಯ ಅಭ್ಯಾಸ ಮಾಡುತ್ತೀರಾ?
3. ಯಾರ ಮೇಲ್ವಿಚಾರಣೆಯಲ್ಲಿ ತರಗತಿ ನಡೆಸಿ ಕಲಿತಿರಿ?
4. ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರ ಕಾಯಿಲೆ ಮತ್ತು ಮದ್ದಿನ ವಿವರ ಕೇಳುತ್ತೀರಾ?
5. ಅಭ್ಯಾಸದ ನಡುವೆ ತೊಂದರೆ ಹೆಚ್ಚಾದರೆ ಏನು ಮಾಡುತ್ತೀರಿ?

ಸರಿಯಾಗಿ ಕಲಿತವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. "ಮಾತ್ರೆ ನಿಲ್ಲಿಸಿ" ಎಂದು ಹೇಳುವವರಲ್ಲಿಂದ ಮಾತ್ರ ಕೂಡಲೇ ಎದ್ದು ಬನ್ನಿ. ಮಾತ್ರೆ ಬದಲಿಸುವುದು, ಇಳಿಸುವುದು ಬರೆದುಕೊಟ್ಟ ವೈದ್ಯರ ಕೆಲಸ.

ತೀವ್ರ ಖಿನ್ನತೆಯಲ್ಲಿರುವವರು, ಇಲ್ಲದ ಧ್ವನಿ ಕೇಳುವವರು, ಸಾಯುವ ಮಾತಾಡುವವರು ಮೊದಲು ಕಾಣಬೇಕಾದದ್ದು ಮನೋವೈದ್ಯರನ್ನು. ಮನೋವೈದ್ಯರು ಯಾವ ದಿನ ಲಭ್ಯ ಎಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೂ, ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳಿಗೂ ಹೋಗಬಹುದು. ಘಟ್ಟದ ಬುಡದ ಹಳ್ಳಿಯಿಂದ ಹೊರಡಲಾಗದ ರಾತ್ರಿಯಲ್ಲಿ, 2022ರಲ್ಲಿ ಆರಂಭವಾದ ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ನಾನು ಎಂ.ಬಿ.ಬಿ.ಎಸ್. ವೈದ್ಯ. ಒತ್ತಡದಿಂದ ಬಂದವರಿಗೆ ಮೂರು ನಿಮಿಷ ಕಣ್ಣು ತೆರೆದೇ ಉಸಿರು ಗಮನಿಸಲು ಹೇಳಿಕೊಡುತ್ತೇನೆ. ಅಷ್ಟರಿಂದ ಕೆಲವರಿಗೆ ಹಗುರವಾಗುತ್ತದೆ. ಆದರೆ ಅದು ಚಿಕಿತ್ಸೆಯಲ್ಲ. 8 ವಾರದ ತರಗತಿ ನಡೆಸುವ ಅರ್ಹತೆ ನನಗಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ.

ಆ ಹುಡುಗಿಗೂ ಇದನ್ನೇ ಹೇಳಿದೆ. "ಇನ್ನೂ ಎರಡು ಮೂರು ವರ್ಷ ಓದಬೇಕಾ ಡಾಕ್ಟ್ರೇ?" ಎಂದು ತಂದೆ ನಿಟ್ಟುಸಿರು ಬಿಟ್ಟರು. "ಅಡಿಕೆ ಸಸಿ ನೆಟ್ಟು ಫಸಲಿಗೆ ನೀವು ಎಷ್ಟು ವರ್ಷ ಕಾಯುತ್ತೀರಿ?" ಎಂದು ಕೇಳಿದೆ. ಅವರು ನಕ್ಕರು. ಮಗಳು ಈಗ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಕಲಿತು ಊರಿಗೇ ಮರಳಿದರೆ, ಕಡಬದ ಆ ಗೃಹಿಣಿಯಂತಹವರನ್ನು ಧೈರ್ಯದಿಂದ ಕಳುಹಿಸಿಕೊಡಲು ನನಗೆ ಒಂದು ವಿಳಾಸ ಸಿಗುತ್ತದೆ.